ಅರಿಸಿನದ ಕಾರ್ಡು

ನನ್ನ ಅಣ್ಣ ತೀರಿಕೊಂಡನೆಂದು ನಮ್ಮ ಮನೆಯಿಂದ ಎರಡು ಸಲ ಕಾರ್ಡು ಹೋಗಿದೆ. ಎರಡನ್ನೂ ಬರೆದವರು ಅಪ್ಪ. ಎರಡೂ ಹೋದದ್ದು ಅಪ್ಪನ ಅಕ್ಕನಿಗೆ, ಅಂದರೆ ಕನಕಪುರದ ಕಡೆಯ ಹಳ್ಳಿಯಲ್ಲಿ ಒಬ್ಬಳೇ ಇದ್ದ ನಮ್ಮ ಸೋದರತ್ತೆಗೆ. ಮೊದಲನೆಯದು ಸುಳ್ಳು. ಎರಡನೆಯದನ್ನೂ ಅವಳು ಸುಳ್ಳೆಂದೇ ತಿಳಿದು ಹದಿನಾರು ವರ್ಷ ಕಳೆದಳು.

ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಕಾಗೆ ತಲೆ ಮುಟ್ಟಿದರೆ ಕೇಡು, ಮುಟ್ಟಿಸಿಕೊಂಡವರಿಗೆ ಸಾವು ಹತ್ತಿರ ಎಂದು ನಮ್ಮಲ್ಲಿ ನಂಬಿಕೆ. ಅದಕ್ಕೆ ಪರಿಹಾರವೂ ಉಂಟು. ಆ ಮನುಷ್ಯ ಸತ್ತೇಹೋದನೆಂದು ದೂರದ ನೆಂಟರಿಗೆ ಸುಳ್ಳು ಕಾಗದ ಬರೆಯಬೇಕು. ಅವರು ನಂಬಿ, ಅತ್ತು, ತಲೆಗೆ ಸ್ನಾನ ಮಾಡಿಬಿಟ್ಟರೆ ಸಾವು ತನ್ನ ಕೆಲಸ ಆಯಿತೆಂದು ತಿಳಿದು ಹೊರಟುಹೋಗುತ್ತದೆ. ಮೂರು ನಾಲ್ಕು ದಿನ ಬಿಟ್ಟು ನಾಲ್ಕು ಮೂಲೆಗೂ ಅರಿಸಿನ ಹಚ್ಚಿದ ಇನ್ನೊಂದು ಕಾರ್ಡು ಹಾಕಬೇಕು: ಹಿಂದಿನ ಕಾಗದ ಸುಳ್ಳು, ಕಾಗೆ ಮುಟ್ಟಿತ್ತು, ಎಲ್ಲರೂ ಕ್ಷೇಮ. ಸಾವಿನ ಕಾಗದವನ್ನು ಓದಿದ ಕೂಡಲೇ ಹರಿದು ಬೀದಿಗೆ ಎಸೆಯುತ್ತಾರೆ, ಮನೆಯೊಳಗೆ ಇಡುವುದಿಲ್ಲ. ಅರಿಸಿನದ ಕಾರ್ಡನ್ನು ಜೋಪಾನವಾಗಿ ಪೆಟ್ಟಿಗೆಯಲ್ಲಿ ಇಡುತ್ತಾರೆ.

ಅಪ್ಪನಿಗೆ ಇಂಥದ್ದರಲ್ಲಿ ನಂಬಿಕೆ ಇರಲಿಲ್ಲ. ಅವರು ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರು. ಜಯನಗರ ನಾಲ್ಕನೇ ಬ್ಲಾಕಿನ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಡ್ರಾಯಿಂಗ್ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ, ಗೋಡೆಯ ಈ ತುದಿಯಿಂದ ಆ ತುದಿಗೆ ಒಂದು ಪಟ ತೂಗುಹಾಕಿದ್ದರು. ಎಡದಿಂದ ಬಲಕ್ಕೆ ಶತಮಾನಗಳು. ದೇಶ ದೇಶಗಳ ನಡುವೆ ಯುದ್ಧ ನಡೆದ ವರ್ಷಗಳಿಗೆಲ್ಲ ಕೆಂಪು ಪೆನ್ಸಿಲ್. ದೂರದಿಂದ ನೋಡಿದರೆ ಯಾರೋ ಎಲೆಯಡಿಕೆ ಹಾಕಿ ಗೋಡೆಗೆ ಉಗಿದ ಹಾಗೆ ಕಾಣುತ್ತಿತ್ತು. ಬಂದವರನ್ನೆಲ್ಲ ಅದರ ಮುಂದೆ ನಿಲ್ಲಿಸಿ, ಬೆತ್ತ ಹಿಡಿದು ಪಾಠ ಮಾಡುವುದು ಅಪ್ಪನ ಚಟ. ಎಡಗಡೆ ನೋಡಿ, ಕೆಂಪು ಒತ್ತೊತ್ತಾಗಿದೆ. ಬಲಕ್ಕೆ ಬರಬರುತ್ತ ಬಿಳಿ ಜಾಸ್ತಿ. ಅಣುಬಾಂಬು ಬಂದ ಮೇಲಂತೂ ದೊಡ್ಡ ದೇಶಗಳಿಗೆ ಒಬ್ಬರ ಮೇಲೊಬ್ಬರು ಕೈಯೆತ್ತಲು ಧೈರ್ಯವಿಲ್ಲ, ಚಿಕ್ಕ ದೇಶಗಳು ಕೈಯೆತ್ತಿದರೆ ದೊಡ್ಡವರು ಕಿವಿ ಹಿಂಡಿ ಕೂರಿಸುತ್ತಾರೆ. ಕೊನೆಗೆ ಒಂದು ಗಾದೆ: "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ದೇಶಗಳೂ ಈಗ ಮಾತು ಕಲೀತಿವೆ." ಕಾಫಿ ಕುಡಿಯಲು ಬಂದವರು ತಲೆಯಾಡಿಸಿ ಹೋಗುತ್ತಿದ್ದರು.

ಈ ಪಟದ ಮುಂದೆ ನಿಂತೇ ಅಪ್ಪ ಅಣ್ಣನನ್ನು ಸೈನ್ಯಕ್ಕೆ ಕಳಿಸಿದ್ದು. ಅಣ್ಣನಿಗೆ ಸೇರುವ ಆಸೆ, ಅಮ್ಮನಿಗೆ ಬೇಡ, ಅತ್ತೆಗಂತೂ ಬೇಡವೇ ಬೇಡ. ಅಣ್ಣ ಹುಟ್ಟಿದಾಗ ಅಮ್ಮ ವರ್ಷಗಟ್ಟಲೆ ಕಾಯಿಲೆ ಬಿದ್ದಿದ್ದಳು. ಮೂರು ವರ್ಷ ತುಂಬುವ ತನಕ ಅವನನ್ನು ಸಾಕಿದವಳು ಅತ್ತೆ, ಹೀಗಾಗಿ ಅವಳಿಗೆ ಕೇಳುವ ಹಕ್ಕಿತ್ತು. ಅಪ್ಪ ಇಬ್ಬರನ್ನೂ ಕೂರಿಸಿ ಬಲಗಡೆಯ ಬಿಳಿ ತೋರಿಸಿದರು. ಇನ್ನು ಯುದ್ಧ ಎಲ್ಲಿದೆ, ಬರೀ ಪರೇಡು, ಆಮೇಲೆ ಪಿಂಚಣಿ, ಅದೂ ಇವನು ಸೇರುತ್ತಿರುವುದು ಸೇತುವೆ ಕಟ್ಟುವ ಪಡೆಗೆ ಎಂದರು. ಅಣ್ಣ ಹೋದ.

ಎರಡು ವರ್ಷದ ಮೇಲೆ, ಎಪ್ಪತ್ತೊಂದರಲ್ಲಿ ದಸರಾಕ್ಕೆ ರಜ ಹಾಕಿ ಬಂದಿದ್ದ. ನನಗಾಗ ಹದಿನೈದು. ಹಿತ್ತಿಲಿನಲ್ಲಿ ಕೂತು ಅವನು ಕೋಡುಬಳೆ ತಿನ್ನುತ್ತಿದ್ದಾಗ ಒಂದು ಕಾಗೆ ಬಂದು ಕೈಯಲ್ಲಿದ್ದುದನ್ನು ಕಿತ್ತುಕೊಂಡು, ಹಾರುವಾಗ ರೆಕ್ಕೆಯಿಂದ ಅವನ ತಲೆಗೆ ಬಡಿದು ಹೋಯಿತು. ನಾನು ನಕ್ಕೆ. ಅಮ್ಮ ಒಲೆ ಆರಿಸಿ ಸೀದಾ ಅಪ್ಪನ ಹತ್ತಿರ ಹೋದಳು.

"ರೀ, ಈಗಲೇ ಅತ್ತಿಗೇಗೆ ಕಾರ್ಡು ಬರೀರಿ."

"ಅಣುಯುಗದಲ್ಲಿ ಕಾಗೆ ಕಾಗದ ಬರೀಬೇಕಾ ನಾನು?"

"ಯುಗ ಯಾವುದಾದ್ರೇನು, ಕಾಗೆ ಅದೇ ಅಲ್ವಾ? ಬರೀರಿ."

ಅಣ್ಣನಿಗೆ ಇದು ಆಟ. ತಾನೇ ಪೆನ್ನು ತಂದುಕೊಟ್ಟ. "ಬರೀರಪ್ಪ. ಏನಾಗಿ ಸತ್ತೆ ಅಂತ ಬರೀತೀರ? ಕಾಮಾಲೆ ಅಂತ ಹಾಕಿ. ಗುಂಡೇಟು ಗಿಂಡೇಟು ಅಂದ್ರೆ ಅತ್ತೆ ನಿಮ್ಮನ್ನ ಸುಮ್ನೆ ಬಿಡಲ್ಲ."

ಅಪ್ಪ ಮುಖ ಗಂಟಿಕ್ಕಿಕೊಂಡೇ ಬರೆದರು. ನಾಲ್ಕು ದಿನ ಬಿಟ್ಟು ಅರಿಸಿನದ ಕಾರ್ಡು ಹೋಯಿತು. ಅದರ ಕೆಳಗೆ ಜಾಗ ಮಾಡಿಕೊಂಡು ಅಣ್ಣ ತನ್ನ ಕೈಯಲ್ಲೇ ಒಂದು ಸಾಲು ಸೇರಿಸಿದ: "ಅತ್ತೆ, ನಾನು ಸತ್ತಿಲ್ಲ. ಹುರಿಗಾಳು ಕಳಿಸು."

ಹುರಿಗಾಳು ಬರಲಿಲ್ಲ, ಹುರಿಗಾಳಿನ ಡಬ್ಬದ ಸಮೇತ ಅತ್ತೆಯೇ ಬಂದಳು. ಬನಶಂಕರಿಯಲ್ಲಿ ಬಸ್ಸಿಳಿದು ನಾಲ್ಕನೇ ಬ್ಲಾಕಿನ ತನಕ ನಡೆದುಕೊಂಡು ಬಂದವಳು, ಚಪ್ಪಲಿ ಕೂಡ ಬಿಡದೆ ಅಣ್ಣನ ಕಿವಿ ಹಿಡಿದಳು. "ಒಂದು ಹಗಲು ಪೂರ್ತಿ ಅತ್ತಿದ್ದೀನಿ ಕಣೋ. ಬಾವಿ ನೀರು ತಣ್ಣಗೆ ತಲೆ ಮೇಲೆ ಸುರ್ಕೊಂಡಿದ್ದೀನಿ. ನಿನ್ನ ಹೆಸರಿನ ಅಳು ಮುಗೀತು. ಇನ್ನು ನೀನು ನಿಜವಾಗ್ಲೂ ಸತ್ರೂ ನಾನು ಅಳಲ್ಲ, ತಿಳ್ಕೊ."

"ಬಿಡ್ತು ಅನ್ನಿ," ಎಂದಳು ಅಮ್ಮ.

"ಬಿಡ್ತು ಬಿಡ್ತು," ಎಂದು ಅತ್ತೆ ನಕ್ಕಳು. ಎಲ್ಲರೂ ನಕ್ಕೆವು. ಊಟವಾದ ಮೇಲೆ ಅವಳು ಗೋಡೆಯ ಪಟ ನೋಡುತ್ತ ಕೂತು, "ಜಗಳವೇ ಇಲ್ಲ ಅಂದ್ರೆ ಇವನ ಕೈಗೆ ಬಂದೂಕು ಯಾಕೋ ಕೊಟ್ಟಿದ್ದಾರೆ?" ಎಂದು ಅಪ್ಪನನ್ನು ಕೇಳಿದಳು. "ಬಂದೂಕಲ್ಲ ಅಕ್ಕ, ಸಲಿಕೆ," ಎಂದರು ಅಪ್ಪ. ಅಣ್ಣ ಆ ವಾರವೇ ಗಡಿಗೆ ಹೊರಟ. ಡಬ್ಬ ಅವನ ಟ್ರಂಕಿನೊಳಗೆ ಹೋಯಿತು.

ಡಿಸೆಂಬರಿನಲ್ಲಿ ಯುದ್ಧ ಬಂತು. ಕಿಟಕಿಯ ಗಾಜಿಗೆಲ್ಲ ಕಪ್ಪು ಕಾಗದ ಅಂಟಿಸಿದೆವು, ಸೈರನ್ ಕೂಗಿದರೆ ದೀಪ ಆರಿಸಿ ಕೂತೆವು. ಅಮ್ಮ ಅಪ್ಪನ ಜೊತೆ ಮಾತು ಬಿಟ್ಟಳು. ಅಪ್ಪ ಎರಡು ವಾರ ಪಟದ ಕಡೆ ಬೆನ್ನು ಹಾಕಿ ರೇಡಿಯೋದ ಮುಂದೆ ಕೂತಿದ್ದರು. ಮುಗಿಯಿತೆಂದು ಸುದ್ದಿ ಬಂದ ದಿನ ಕುರ್ಚಿ ಹತ್ತಿ ಕಪ್ಪು ಕಾಗದವನ್ನೆಲ್ಲ ತಾವೇ ಕಿತ್ತರು, ಗೋಂದು ಅಂಟಿದ ಗಾಜಿನ ಮೂಲಕ ಬಿಸಿಲು ಬಂತು. ಆಮೇಲೆ ಕೆಂಪು ಪೆನ್ಸಿಲನ್ನು ಚೂಪಾಗಿ ಹೆರೆದು ಪಟದ ಬಲತುದಿಯಲ್ಲಿ, ಎಷ್ಟು ತೆಳ್ಳಗೆ ಎಳೆಯಲು ಸಾಧ್ಯವೋ ಅಷ್ಟು ತೆಳ್ಳಗೆ, ಒಂದು ಗೆರೆ ಎಳೆದರು. "ಎರಡು ವಾರ ಅಷ್ಟೆ, ನೋಡಿ. ಹಿಂದೆಲ್ಲ ವರ್ಷಗಟ್ಟಲೆ ನಡೀತಿತ್ತು," ಎಂದರು. ಅಣ್ಣನ ಕಾಗದವೂ ಬಂತು. ತಾನು ಕ್ಷೇಮ, ಚಳಿಗೆ ಕೈ ಒಡೆದಿದೆ, ಇನ್ನು ಎರಡೂ ಕಡೆಯವರು ಹೊಲಗಳಲ್ಲಿ ಹೂತಿಟ್ಟ ನೆಲಬಾಂಬುಗಳನ್ನು ತೆಗೆಯುವ ಕೆಲಸ, ಅದು ಮುಗಿದರೆ ರಜ ಎಂದು ಬರೆದಿದ್ದ. ಆ ಭಾನುವಾರ ಅಮ್ಮ ಅಪ್ಪನ ಜೊತೆ ಮಾತಾಡಿದಳು, ಹೋಳಿಗೆ ಮಾಡಿದಳು.

ಸಂಕ್ರಾಂತಿಗೆ ನಾಲ್ಕು ದಿನ ಇತ್ತು. ನಾನೂ ಅಮ್ಮನೂ ಎಳ್ಳಿಗೆ ಕೊಬ್ಬರಿ, ಬೆಲ್ಲ ಹೆಚ್ಚುತ್ತ ಕೂತಿದ್ದೆವು. ತಂತಿ ಬಂತು. ತಂತಿ ಎಂದರೆ ಏನೆಂದು ಆಗಿನ ಕಾಲದಲ್ಲಿ ಓದುವ ಮೊದಲೇ ಗೊತ್ತಿರುತ್ತಿತ್ತು. ಆದರೆ ಅಪ್ಪ ಓದಿ, "ಯುದ್ಧ ಮುಗಿದಿದೆಯಲ್ಲ," ಎಂದರು. ಇನ್ನೊಂದು ಸಲ ಓದಿದರು. "ಮುಗಿದು ಮೂರು ವಾರ ಆಯ್ತಲ್ಲ." ಅಂಗಿ ಹಾಕಿಕೊಂಡು ಸೈಕಲ್ ಹತ್ತಿ ತಂತಿ ಕಚೇರಿಗೆ ಹೋದರು. ಇದು ಯುದ್ಧದ ದಿನಗಳ ಹಳೇ ತಂತಿ ಇರಬೇಕು, ತಡವಾಗಿ ಬಂದಿರಬೇಕು ಎಂದು ಅಲ್ಲಿನ ಗುಮಾಸ್ತರ ಹತ್ತಿರ ವಾದ ಮಾಡಿದರಂತೆ. ಹಳೇ ತಂತಿಯೇ ಆಗಿದ್ದರೆ ಅಣ್ಣನ ಕಾಗದ ಆಮೇಲೆ ಬಂದದ್ದು, ಅವನು ಬದುಕಿದ್ದಾನೆ ಎಂಬುದು ಅವರ ಲೆಕ್ಕ. ಗುಮಾಸ್ತರು ತಾರೀಕು ತೋರಿಸಿದರು. ಹಿಂದಿನ ದಿನದ್ದು. ಅಪ್ಪ ಸೈಕಲ್ ತಳ್ಳಿಕೊಂಡು ನಡೆದೇ ಬಂದರು.

ಅತ್ತೆಗೆ ತಿಳಿಸಬೇಕಿತ್ತು. ಆ ಹಳ್ಳಿಗೆ ತಂತಿಯೂ ಕಾರ್ಡೂ ಅದೇ ಪೋಸ್ಟ್‌ಮ್ಯಾನ್ ಕೈಯಲ್ಲೇ ಬರಬೇಕು, ಕಾರ್ಡೇ ಸಾಕು ಎಂದು ಅಪ್ಪ ಕೂತು ಬರೆದರು. ಸಾವಿನ ಕಾಗದಕ್ಕೆ ಇರುವುದೇ ಒಂದು ಬಗೆಯ ಒಕ್ಕಣೆ. ಮೂರು ತಿಂಗಳ ಹಿಂದೆ ಬರೆದ ಅದೇ ಸಾಲುಗಳು, ಅದೇ ಕೈಬರಹ, ಕಾಮಾಲೆ ಇದ್ದ ಕಡೆ ನೆಲಬಾಂಬು. ನಾನೇ ಹೋಗಿ ರಸ್ತೆ ಕೊನೆಯ ಡಬ್ಬಕ್ಕೆ ಹಾಕಿ ಬಂದೆ. ಹಿಂದಿನ ಕಾರ್ಡಿನ ನೆನಪು ನನಗೆ ಬರಲಿಲ್ಲ, ಅಪ್ಪನಿಗೂ ಬರಲಿಲ್ಲ. ಯಾರಾದರೂ ಒಬ್ಬರು ಆ ದಿನ ಬಸ್ಸು ಹತ್ತಿ ಹಳ್ಳಿಗೆ ಹೋಗಿದ್ದರೆ ಆಗುತ್ತಿತ್ತು ಎಂದು ಆಮೇಲೆ ಎಷ್ಟು ಸಲ ಅಂದುಕೊಂಡೆನೋ.

ಏಳನೇ ದಿನ ಅತ್ತೆ ಬಂದಳು. ಮನೆಯಲ್ಲಿ ಸೂತಕ, ಅಮ್ಮ ಅಡುಗೆಮನೆಯ ಗೋಡೆಗೆ ಒರಗಿ ನೆಲದ ಮೇಲೆ ಬಿದ್ದಿದ್ದಳು, ಬಾಗಿಲು ತೆರೆದೇ ಇತ್ತು. ಗೇಟಿನಿಂದಲೇ ಅವಳ ಗದರಿಕೆ ಶುರುವಾಯಿತು. "ಏನೋ, ಕಾಗೆಗೆ ಇವನ ತಲೆ ಬಿಟ್ರೆ ಬೇರೆ ತಲೆ ಸಿಗಲ್ವಾ? ನಾಲ್ಕು ದಿನ ಕಾದೆ, ಐದು ದಿನ ಕಾದೆ. ಅರಿಸಿನದ ಕಾರ್ಡು ಯಾಕೋ ಹಾಕಲಿಲ್ಲ? ಮೇಷ್ಟ್ರಾಗಿ ಅಷ್ಟೂ ಗೊತ್ತಾಗಲ್ವಾ?" ಕೈಯಲ್ಲಿ ಸಂಕ್ರಾಂತಿಯಿಂದ ನಮಗೆಂದು ತೆಗೆದಿಟ್ಟಿದ್ದ ಕಬ್ಬಿನ ಜಲ್ಲೆ. ಕಾರ್ಡು ಓದಿ ಹರಿದು ಎಸೆದಿದ್ದಳು, ಆದರೆ ಅತ್ತಿರಲಿಲ್ಲ, ಸ್ನಾನ ಮಾಡಿರಲಿಲ್ಲ. ಕಾಗೆ ಕಾಗದ ಎಂದು ಅಕ್ಕಪಕ್ಕದವರಿಗೂ ಹೇಳಿದ್ದಳಂತೆ. ಯುದ್ಧ ಮುಗಿದು ಹೋಗಿದೆ ಎಂದು ಹಳ್ಳಿಯ ಹುಡುಗರು ಪಟಾಕಿ ಹೊಡೆದದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ಮುಗಿದ ಯುದ್ಧದಲ್ಲಿ ಯಾರಾದರೂ ಸಾಯುತ್ತಾರೆಯೇ?

ಅಪ್ಪ ಎದ್ದು ನಿಂತು, "ಅಕ್ಕ, ಇದು ನಿಜ," ಎಂದರು.

ಅತ್ತೆ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕಬ್ಬನ್ನು ಗೋಡೆಗೆ ಒರಗಿಸಿದಳು. "ಹೋದ ಸಲವೂ ನಿಜ ಅಂತಲೇ ಬರೆದಿದ್ದೆ," ಎಂದಳು.

ದೇಹ ಬರಲಿಲ್ಲ. ಅಲ್ಲೇ ದಹನ ಮಾಡಿದ್ದರು. ಒಂದು ತಿಂಗಳ ಮೇಲೆ ಬಟ್ಟೆ ಕಟ್ಟಿದ ಒಂದು ಚಿಕ್ಕ ತಂಬಿಗೆಯೂ ಕಪ್ಪು ಟ್ರಂಕೂ ಬಂದವು. ಅತ್ತೆ ಟ್ರಂಕಿನೊಳಗೆ ಕೈಯಾಡಿಸಿ ಹುರಿಗಾಳಿನ ಡಬ್ಬ ತೆಗೆದು ಅಲುಗಿಸಿ ನೋಡಿದಳು. ಖಾಲಿ. "ತಿಂದಿದ್ದಾನೆ," ಎಂದಳು. ತಂಬಿಗೆ ತೋರಿಸಿದರೆ, "ಬೂದಿಗೆ ಮುಖ ಇದೆಯೇನೋ? ಯಾರದ್ದೋ ಏನೋ," ಎಂದು ಎದ್ದುಹೋದಳು. ಅವಳು ಅರೆಹುಚ್ಚಿ ಎಂದು ಬೀದಿಯವರು ಮಾತಾಡಿಕೊಂಡರು. ಅಲ್ಲ. ಹೊಲದ ಲೆಕ್ಕ, ಹಾಲಿನ ಲೆಕ್ಕ, ನೆಂಟರ ಜಗಳ, ಎಲ್ಲದರಲ್ಲೂ ಅವಳು ನಮಗಿಂತ ಚುರುಕು. ಈ ಒಂದು ವಿಷಯದಲ್ಲಿ ಮಾತ್ರ ಅವಳು ಕಾಯುತ್ತಿದ್ದಳು. ಬಂದಾಗಲೆಲ್ಲ ಅಪ್ಪನನ್ನು ಕೇಳುತ್ತಿದ್ದಳು:

"ಕಾರ್ಡು ಬರೀತೀಯಾ?"

"ಸುಳ್ಳು ಬರೆಯಲ್ಲ ಅಕ್ಕ."

"ಮೊದಲನೇದು ಬರೆದೆಯಲ್ಲ."

ವರ್ಷಕ್ಕೊಮ್ಮೆ ಅಣ್ಣನ ಶ್ರಾದ್ಧ ಬರುತ್ತಿತ್ತು. ಪಿಂಡವನ್ನು ಎಲೆಯಲ್ಲಿಟ್ಟು ಹಿತ್ತಿಲಿನಲ್ಲಿ ನಿಂತು ಕಾಗೆಯನ್ನು ಕರೆಯಬೇಕು. ಅದು ಬಂದು ಮುಟ್ಟಿದರೇ ಸತ್ತವನಿಗೆ ತೃಪ್ತಿ. ಯಾವ ಕಾಗೆಗೆ ಹೆದರಿ ಅಮ್ಮ ಸುಳ್ಳು ಬರೆಸಿದಳೋ ಅದನ್ನೇ ಕೈಮುಗಿದು ಕರೆಯುವುದು ಅವಳ ಪಾಲಿಗೆ ಬಂತು. ಅತ್ತೆ ಆ ದಿನ ಮಾತ್ರ ನಮ್ಮ ಮನೆಗೆ ಬರುತ್ತಿರಲಿಲ್ಲ, ಆ ಊಟ ಅವಳಿಗೆ ಬೇಡ.

ನನಗೆ ಅಪ್ಪನ ಮೇಲೆ ಸಿಟ್ಟಿತ್ತು. ಈಗ ಹೇಳಿಬಿಡಬಹುದು, ದ್ವೇಷವೇ ಇತ್ತು. ಮಗ ಸತ್ತ ಮೇಲೆ ಪಟವನ್ನು ಸುತ್ತಿ ಒಲೆಗೆ ಹಾಕುತ್ತಾರೆಂದು ನಾನು ತಿಳಿದಿದ್ದೆ. ಅವರು ಧೂಳು ಹೊಡೆದು ಮತ್ತೆ ತೂಗುಹಾಕಿದರು. ಪಾಠ ಮೊದಲಿಗಿಂತ ಜೋರಾಯಿತು. ಯಾರಾದರೂ ಬೀದಿಯಲ್ಲಿ ಯುದ್ಧ ಎಂಬ ಮಾತೆತ್ತಿದರೆ ಸಾಕು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ಇವರು ನಡುವೆ ಬಾಯಿ ಹಾಕುತ್ತಿದ್ದರು. ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ಒಂದು ದಿನ ತಡೆಯಲಾರದೆ ಪಟದ ಮುಂದೆ ನಿಂತು ಕೇಳಿದೆ.

"ಅಣ್ಣ ಇದರಲ್ಲಿ ಎಲ್ಲಿದಾನೆ, ತೋರಿಸಿ."

ಅಪ್ಪ ಬೆತ್ತವನ್ನು ತೆಳ್ಳನೆ ಕೆಂಪು ಗೆರೆಯ ಮೇಲೆ ಇಟ್ಟರು.

"ಅಲ್ಲ. ಅದು ಮುಗಿದ ಮೇಲೆ ಮೂರು ವಾರ ಬದುಕಿದ್ದ. ಅವನು ಸತ್ತಿರೋದು ನಿಮ್ಮ ಬಿಳೀಲಿ."

ಅಪ್ಪ ಬೆತ್ತವನ್ನು ಒಂದು ಕೂದಲೆಳೆಯಷ್ಟು ಬಲಕ್ಕೆ ಸರಿಸಿದರು. ಅಲ್ಲಿ ಏನೂ ಇರಲಿಲ್ಲ, ಖಾಲಿ ಹಾಳೆ. ಆಮೇಲೆ ಅವರು, "ಬಿಳಿ ಅಂದ್ರೆ ಯಾರೂ ಸಾಯಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ," ಎಂದರು. ಹೇಳಿದ್ದರು. ಅಮ್ಮನಿಗೂ ಅತ್ತೆಗೂ ಹೇಳಿದ್ದರು. ನಾನು ತಿಂಗಳುಗಟ್ಟಲೆ ಅವರ ಜೊತೆ ಮಾತಾಡಲಿಲ್ಲ. ಅವರು ಯಾಕೆ ಆ ಪಟವನ್ನು ಬಿಡಲಿಲ್ಲ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಯುದ್ಧದ ಕಾಲ ನಿಜವಾಗಿಯೂ ಮುಗಿಯುತ್ತಿದ್ದರೆ ಮಗ ಸತ್ತದ್ದು ದುರದೃಷ್ಟ. ಮುಗಿಯುತ್ತಿಲ್ಲವಾದರೆ ಅವನನ್ನು ಕಳಿಸಿದವರು ಇವರೇ.

ಎಪ್ಪತ್ತೆಂಟರಲ್ಲಿ ಅಪ್ಪ ಜೆ.ಪಿ. ನಗರ ಎರಡನೇ ಫೇಸಿನಲ್ಲಿ ಸ್ವಂತ ಮನೆ ಕಟ್ಟಿಸಿದರು. ಸುತ್ತ ಖಾಲಿ ಸೈಟುಗಳು, ಪಾರ್ಥೇನಿಯಂ ಗಿಡ, ಅಲ್ಲೊಂದು ಇಲ್ಲೊಂದು ಮನೆ. ಪಟವೂ ಬಂತು. ನಾನು ಮದುವೆಯಾಗಿ ಬನಶಂಕರಿಗೆ ಹೋದೆ, ಹತ್ತಿರವೇ ಆದ್ದರಿಂದ ಭಾನುವಾರ ತಪ್ಪದೆ ಬರುತ್ತಿದ್ದೆ. ಎಂಬತ್ತನಾಲ್ಕರಲ್ಲಿ ಅತ್ತೆ ಹಳ್ಳಿಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಅಪ್ಪ ಹೋಗಿ ಕರೆದುಕೊಂಡು ಬಂದು ಮುಂದಿನ ಕೋಣೆಯ ಕಿಟಕಿಯ ಹತ್ತಿರ ಮಂಚ ಹಾಕಿಸಿದರು. ಎದುರು ಗೋಡೆಗೆ ಪಟ. ತಲೆದಿಂಬಿನ ಪಕ್ಕ ಅವಳ ತಗಡಿನ ಪೆಟ್ಟಿಗೆ, ಅದರೊಳಗೆ ಎಪ್ಪತ್ತೊಂದರ ಆ ಅರಿಸಿನದ ಕಾರ್ಡು, ಅಣ್ಣನ ಸಾಲು ಇದ್ದದ್ದು.

ಪಕ್ಕದ ಮನೆಯಲ್ಲಿ ಒಬ್ಬ ವಿಧವೆ ಇದ್ದರು. ನಾನು ಆಂಟಿ ಎನ್ನುತ್ತಿದ್ದೆ. ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ ಮಾಡಿ ಒಬ್ಬನೇ ಮಗನನ್ನು ಓದಿಸಿದ್ದರು. ಅವನು ಸೈನ್ಯಕ್ಕೆ ಸೇರಿದ್ದ. ಎಂಬತ್ತೇಳರ ಮಳೆಗಾಲದಲ್ಲಿ ಅವನನ್ನು ಸಮುದ್ರ ದಾಟಿಸಿ ಲಂಕೆಗೆ ಕಳಿಸಿದರು. ಆಂಟಿ ಕಾಂಪೌಂಡಿನ ಆಚೆಯಿಂದ ಅಪ್ಪನನ್ನು ಕೇಳಿದರು.

"ಮೇಷ್ಟ್ರೇ, ಇದು ಯುದ್ಧ ಅಲ್ವಂತೆ, ಶಾಂತಿ ಕಾಪಾಡೋಕಂತೆ. ಹೌದಾ?"

"ಹೌದಮ್ಮ. ಹೆಸರಲ್ಲೇ ಇದೆಯಲ್ಲ, ಶಾಂತಿಪಡೆ ಅಂತ. ಪರದೇಶಕ್ಕೆ ಸೈನ್ಯ ಹೋಗ್ತಿರೋದು ಯುದ್ಧ ಮಾಡೋಕಲ್ಲ, ಯುದ್ಧ ನಿಲ್ಲಿಸೋಕೆ. ಹಿಂದೆಲ್ಲ ಇಂಥದ್ದಿತ್ತಾ? ಧೈರ್ಯವಾಗಿರಿ," ಎಂದರು ಅಪ್ಪ.

ದೀಪಾವಳಿಯ ಹೊತ್ತಿಗೆ ಅಲ್ಲಿ ಗುಂಡು ಹಾರುತ್ತಿತ್ತು. ಪೇಪರಿನಲ್ಲಿ ನೆಲಬಾಂಬು ಎಂಬ ಶಬ್ದ ಮತ್ತೆ ಕಾಣಿಸಿಕೊಂಡಿತು. ಮಗನ ಕಾಗದ ನಿಂತುಹೋಯಿತು. ಮುಂದಿನ ವರ್ಷ ಆ ಹುಡುಗ ವಾಪಸು ಬಂದ, ಎಡಗಾಲಿನ ಪಾದ ಅಲ್ಲೇ ಬಿಟ್ಟು. ಆದರೆ ನಾನು ಹೇಳುತ್ತಿರುವ ದಿನಗಳಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಆಂಟಿ ಕೆಲಸದಿಂದ ಬಂದವರು ಮನೆ ಬೀಗ ತೆಗೆಯುವ ಮೊದಲು ನಮ್ಮ ಬಾಗಿ­ಲಿಗೆ ಬಂದು ನಿಲ್ಲುತ್ತಿದ್ದರು. "ಏನೂ ಆಗಲ್ಲ ಅಲ್ವಾ ಮೇಷ್ಟ್ರೇ?" "ಏನೂ ಆಗಲ್ಲಮ್ಮ. ಅಂಚೆ ತಡ, ಅಷ್ಟೆ." ಇದು ದಿನವೂ ನಡೆಯಿತು, ಎರಡು ತಿಂಗಳು. ಅತ್ತೆ ಮಂಚದ ಮೇಲೆ ಮಲಗಿ ಕೇಳಿಸಿಕೊಳ್ಳುತ್ತಿದ್ದಳು.

ಡಿಸೆಂಬರಿನ ಒಂದು ಭಾನುವಾರ ನಾನು ಹೋದಾಗ ಅಪ್ಪ ಪೇಪರು ಹಿಡಿದು ಕಾಯುತ್ತಿದ್ದರು. ಪ್ರಪಂಚದ ಎರಡು ದೊಡ್ಡ ದೇಶಗಳು ಕೂತು ಮಾತಾಡಿ, ತಮ್ಮ ಒಂದು ಜಾತಿಯ ಕ್ಷಿಪಣಿಗಳನ್ನೆಲ್ಲ ತಾವೇ ಒಡೆದು ಹಾಕಲು ಒಪ್ಪಿ ರುಜು ಹಾಕಿದ್ದವು. ಇಪ್ಪತ್ತು ವರ್ಷದಿಂದ ಅಪ್ಪ ಕಾದದ್ದು ಇದಕ್ಕೇ. ನಾನು ಓದಿದೆ. ಅದು ದೊಡ್ಡ ಸುದ್ದಿಯೇ, ನಾನು ಇಲ್ಲವೆನ್ನುವುದಿಲ್ಲ. ಅಪ್ಪನ ಲೆಕ್ಕ ಪೂರ್ತಿ ತಪ್ಪು ಎಂದು ಇವತ್ತಿಗೂ ಹೇಳಲಾರೆ. ಆದರೆ ಅವರ ಮುಖದಲ್ಲಿ ಗೆದ್ದವನ ಕಳೆ ಇರಲಿಲ್ಲ. "ಇಷ್ಟಾಯ್ತು ನೋಡು," ಎಂದು ಪೇಪರು ಮಡಿಸಿಟ್ಟು ಅತ್ತೆಯ ಮಂಚದ ಕಡೆ ನೋಡಿದರು.

ಅತ್ತೆ ಊಟ ಬಿಟ್ಟಿದ್ದಳು. ಹೆಚ್ಚು ದಿನ ಇಲ್ಲ ಎಂದು ಡಾಕ್ಟರು ಹೇಳಿ ಹೋಗಿದ್ದರು. ಅವಳು ಕೇಳುತ್ತಿದ್ದುದು ಒಂದೇ, ಕಾರ್ಡು ಬಂತಾ. ಅಮ್ಮ ಅಪ್ಪನನ್ನು ಅಡುಗೆಮನೆಗೆ ಕರೆದಳು. "ಬರೆದುಬಿಡಿ ರೀ. ಸಮಾಧಾನವಾಗಿ ಹೋಗ್ಲಿ. ನಿಮ್ಮ ಗಂಟೇನು ಹೋಗುತ್ತೆ?" ಹದಿನಾರು ವರ್ಷ ಆಗುವುದಿಲ್ಲ ಎಂದವರು ಈ ಸಲ ಒಪ್ಪಿಕೊಂಡರು. ಪಕ್ಕದ ಮನೆಯ ತಾಯಿಗೆ ಎರಡು ತಿಂಗಳಿಂದ ದಿನವೂ ಬಾಯಲ್ಲಿ ಹೇಳುತ್ತಿದ್ದುದನ್ನು ಒಮ್ಮೆ ಕಾಗದದ ಮೇಲೆ ಬರೆಯುವುದು ಅವರಿಗೆ ಕಷ್ಟವಾಗಲಿಲ್ಲವೇನೋ. ಕಾರ್ಡು ತೆಗೆದು ಮೂರು ಸಾಲು ಬರೆದರು: ಹಿಂದಿನ ಕಾಗದ ಸುಳ್ಳು, ಕಾಗೆ ಮುಟ್ಟಿತ್ತು, ಎಲ್ಲರೂ ಕ್ಷೇಮ. ಮೂಲೆಗಳಿಗೆ ಅರಿಸಿನ ಹಚ್ಚಿದವಳು ನಾನು. ಇದರಲ್ಲಿ ನನ್ನ ಕೈಯೂ ಇದೆ. ಹೊರಗೆ ಹೋಗಿ ಗೇಟು ಸದ್ದು ಮಾಡಿ ಒಳಗೆ ಬಂದು, "ಅತ್ತೆ, ಕಾರ್ಡು ಬಂತು," ಎಂದೆ. ಭಾನುವಾರ ಯಾವ ಪೋಸ್ಟ್‌ಮ್ಯಾನೂ ಬರುವುದಿಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು.

ಅತ್ತೆ ಕೈಚಾಚಿ ತೆಗೆದುಕೊಂಡಳು. ದಿಂಬಿಗೆ ಒರಗಿಸಿ ಕೂರಿಸಿದೆವು. ಕನ್ನಡಕ ಕೇಳಿದಳು, ಪೆಟ್ಟಿಗೆ ಕೇಳಿದಳು. ಹಳೆಯ ಕಾರ್ಡನ್ನು ತೆಗೆದು ಹೊಸದರ ಪಕ್ಕ ತೊಡೆಯ ಮೇಲೆ ಇಟ್ಟುಕೊಂಡು ಎರಡನ್ನೂ ಓದಿದಳು. ಬೆರಳು ಹೊಸ ಕಾರ್ಡಿನ ಕೆಳಭಾಗದಲ್ಲಿ ಹುಡುಕಾಡಿತು.

"ಇದ್ರಲ್ಲಿ ಅವನ ಅಕ್ಷರ ಎಲ್ಲೋ?"

"ಜಾಗ ಇರ್ಲಿಲ್ಲ ಅಕ್ಕ," ಎಂದರು ಅಪ್ಪ.

"ಅರ್ಧ ಕಾರ್ಡು ಖಾಲಿ ಬಿದ್ದಿದೆ."

ಅತ್ತೆ ಕನ್ನಡಕ ತೆಗೆದಳು. ಅವಳ ದನಿಯಲ್ಲಿ ಗದರಿಕೆ ಇರಲಿಲ್ಲ. "ಸುಳ್ಳು ಬರೆಯಲ್ಲ ಅಂತ ನೀನು ಹಠ ಮಾಡ್ತಿದ್ದಷ್ಟು ದಿನ ನನಗೆ ಧೈರ್ಯ ಇತ್ತು ಕಣೋ. ಅವನು ಬಂದ ದಿನ ನೀನು ಬರೀತೀಯ, ಅದಕ್ಕೇ ಕಾಯ್ತಿದೀಯ ಅಂತ. ಈಗ ಅವನು ಬರದೇನೇ ಬರೆದುಬಿಟ್ಟೆ."

ಹಳೆಯದನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದಳು. ಹೊಸ ಕಾರ್ಡನ್ನು, ಅರಿಸಿನ ಹಚ್ಚಿದ್ದನ್ನು, ನಡುವೆ ಹರಿದು, ಮತ್ತೆ ಜೋಡಿಸಿ ಹರಿದು, ಕಿಟಕಿಯ ಸರಳಿನ ನಡುವಿನಿಂದ ಬೀದಿಗೆ ಹಾಕಿದಳು. ಸಾವಿನ ಕಾಗದವನ್ನು ಹರಿಯುವುದು ಹಾಗೆ. ಆಮೇಲೆ ಅತ್ತಳು. ಅಷ್ಟು ಸಣ್ಣ ಮೈಯಿಂದ ಅಂಥ ಅಳು ಬರುತ್ತದೆಂದು ನಾನು ಎಣಿಸಿರಲಿಲ್ಲ. ಅಮ್ಮ ಅಡುಗೆಮನೆಯ ಬಾಗಿಲಲ್ಲೇ ಕುಸಿದು ಕೂತಳು. ಅಪ್ಪ ಮಂಚದ ಕಾಲು ಹಿಡಿದುಕೊಂಡು ನೆಲದ ಮೇಲೆ ಕೂತರು. ಅತ್ತು ಮುಗಿದ ಮೇಲೆ ಅವಳು ನನ್ನ ಕಡೆ ತಿರುಗಿ, "ನೀರು ಕಾಯ್ಸೇ. ತಲೆಗೆ ಹಾಕ್ಕೊಬೇಕು," ಎಂದಳು.

ನಾನೂ ಅಮ್ಮನೂ ಅವಳನ್ನು ಎತ್ತಿಕೊಂಡು ಹೋಗಿ ಬಚ್ಚಲಲ್ಲಿ ಮಣೆಯ ಮೇಲೆ ಕೂರಿಸಿದೆವು. ಒಂದೊಂದೇ ಚೊಂಬು ನೀರು ಹಾಕಿದೆ. ಸಾವಿನ ಸ್ನಾನಕ್ಕೆ ಎಣ್ಣೆಯಿಲ್ಲ, ಸೀಗೆಕಾಯಿಯಿಲ್ಲ, ಬರೀ ನೀರು. ಅವಳು ಕಣ್ಣು ಮುಚ್ಚಿ ಕೂತಿದ್ದಳು. ತಲೆ ಒರೆಸಿ, ಒಗೆದ ಸೀರೆ ಸುತ್ತಿ ತಂದು ಮಲಗಿಸಿದಾಗ ಅಪ್ಪ ಇನ್ನೂ ಅದೇ ಜಾಗದಲ್ಲಿ ಕೂತಿದ್ದರು. ಅತ್ತೆ ಒದ್ದೆ ಕೈಯನ್ನು ತಮ್ಮನ ಬೋಳುತಲೆಯ ಮೇಲೆ ಇಟ್ಟಳು.

"ಆ ಪಕ್ಕದ ಮನೆಯವಳಿಗೆ ಇಂಥ ಕಾರ್ಡು ಬರೀಬೇಡ ಕಣೋ," ಎಂದಳು. "ದಿನಾ ಬರೀತಿದೀಯ."

ಮಾರನೆಯ ದಿನವೂ ನಾನು ಅಲ್ಲೇ ಉಳಿದಿದ್ದೆ. ಸಂಜೆ ಆಂಟಿ ಕೆಲಸದಿಂದ ಬಂದರು, ಕೈಚೀಲ ಹಿಡಿದೇ ಬಾಗಿಲಲ್ಲಿ ನಿಂತರು. "ಏನೂ ಆಗಲ್ಲ ಅಲ್ವಾ ಮೇಷ್ಟ್ರೇ?"

ಅಪ್ಪ ಗೋಡೆಯ ಪಟದ ಕಡೆ ಒಂದು ಸಲ ನೋಡಿದರು, ಮಂಚದ ಕಡೆ ನೋಡಿದರು. ಅತ್ತೆ ಎಚ್ಚರವಾಗಿದ್ದಳು. ಅಪ್ಪ ಕುರ್ಚಿಯಿಂದ ಎದ್ದು ಬಾಗಿಲಿಗೆ ಹೋಗಿ, ಆಂಟಿಯ ಕೈಯಿಂದ ಚೀಲ ತೆಗೆದುಕೊಂಡು ಕೆಳಗಿಟ್ಟರು.

"ನನಗೆ ಗೊತ್ತಿಲ್ಲಮ್ಮ," ಎಂದರು. ಮೂವತ್ತು ವರ್ಷ ಚರಿತ್ರೆ ಹೇಳಿಕೊಟ್ಟ ಮನುಷ್ಯನ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. "ಒಳಗೆ ಬನ್ನಿ. ಕೂತ್ಕೊಳ್ಳಿ."